ದಮ್ಮು ಬೆಳೆಯುವ ಬಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ: 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯು ರೂಪುಗೊಂಡಾಗ ಅದರೊಳಗಿದ್ದ ತಾಲ್ಲೂಕುಗಳು ಈ ನಾಲ್ಕು. ಇವುಗಳಲ್ಲಿ ಯಾವ ಊರಿನ ಮೈದಾನಕ್ಕಾಗಲಿ ಸೂರ್ಯೋದಯಕ್ಕೆ ಮುನ್ನ ಹೋದವರಿಗೆ ಒಂದು ನೋಟ ಕಾಣಸಿಗುತ್ತದೆ. ಪೊಲೀಸ್ ಇಲಾಖೆಯನ್ನೋ ಸೈನ್ಯವನ್ನೋ ಸೇರಬೇಕೆಂದು ಹಂಬಲಿಸುವ ತರುಣರು ಗುಂಪುಗುಂಪಾಗಿ ಓಡುತ್ತಿರುತ್ತಾರೆ. ಅವರಲ್ಲಿ ಹೊಸಬರನ್ನು ಗುರುತಿಸುವುದು ಸುಲಭ. ಮೊದಲನೆಯ ಸುತ್ತಿನಲ್ಲಿ ಅವರು ಎಲ್ಲರಿಗಿಂತ ಮುಂದಿರುತ್ತಾರೆ. ಎರಡನೆಯದರಲ್ಲಿ ಹಿಂದೆ ಬೀಳುತ್ತಾರೆ. ಮೂರನೆಯದರಲ್ಲಿ ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಾರೆ. ನಾಲ್ಕನೆಯ ಸುತ್ತು ಅವರಿಗಿಲ್ಲ. ಹತ್ತು ದಿನ ಹೀಗೆ ನಡೆದ ಮೇಲೆ ಹುಡುಗನು ‘ನನಗೆ ದಮ್ಮಿಲ್ಲ’ ಎಂದು ತೀರ್ಮಾನಿಸಿ ಮನೆಯಲ್ಲಿ ಉಳಿಯುತ್ತಾನೆ. ದಮ್ಮೆಂಬುದು ಮೂಗು ಕಿವಿಗಳಂತೆ ಹುಟ್ಟಿನಿಂದ ಬಂದ ವಸ್ತುವೆಂದು ಅವನ ಎಣಿಕೆ.

ಈ ತೀರ್ಮಾನದಿಂದ ಒಂದು ಉದ್ಯೋಗವೇ ಕೈತಪ್ಪಬಹುದಾದುದರಿಂದ, ಅದು ಸರಿಯೆ ಎಂಬುದನ್ನು ಪರೀಕ್ಷಿಸುವುದು ಯುಕ್ತವಾಗಿದೆ. ಕರ್ನಾಟಕದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷರು 1600 ಮೀಟರುಗಳನ್ನು 6 ನಿಮಿಷ 30 ಸೆಕೆಂಡುಗಳಲ್ಲಿಯೂ, ಮಹಿಳೆಯರು 400 ಮೀಟರುಗಳನ್ನು 2 ನಿಮಿಷಗಳಲ್ಲಿಯೂ ಓಡಬೇಕೆಂಬ ನಿಯಮವುಂಟು. ನಾವು ಇದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ.

ಮೊದಲು ಭೌತವಿಜ್ಞಾನದ ಒಂದು ಒಗಟು. ಸಮತಟ್ಟಾದ ಮೈದಾನದಲ್ಲಿ ನಾಲ್ಕು ಸುತ್ತು ಓಡಿದವನು ಹೊರಟ ಸ್ಥಳಕ್ಕೇ ಬಂದು ನಿಲ್ಲುತ್ತಾನೆ. ಅವನು ಮೇಲೇರಿಲ್ಲ, ಏನನ್ನೂ ಎತ್ತಿಲ್ಲ. ಮೊದಲೂ ಕೊನೆಯಲ್ಲಿಯೂ ಅವನ ವೇಗ ಶೂನ್ಯ. ಪಠ್ಯಪುಸ್ತಕದ ಅರ್ಥದಲ್ಲಿ ಅವನು ಮಾಡಿದ ನಿವ್ವಳ ಕೆಲಸ ಸೊನ್ನೆ. ಹಾಗಿದ್ದರೆ ಏದುಸಿರೇಕೆ? ಓಟವೆಂದರೆ ವಾಸ್ತವವಾಗಿ ಸಣ್ಣ ನೆಗೆತಗಳ ಸಾಲು. ಪ್ರತಿ ಹೆಜ್ಜೆಗೂ ದೇಹವು ಕೆಲವು ಸೆಂಟಿಮೀಟರು ಮೇಲೇರಿ ಇಳಿಯುತ್ತದೆ. ನೆಲ ಮುಟ್ಟಿದ ಪಾದವು ಅದರ ವೇಗವನ್ನು ತುಸು ತಡೆಯುತ್ತದೆ. ಮರುಕ್ಷಣದಲ್ಲಿ ಸ್ನಾಯುಗಳು ಕಳೆದ ವೇಗವನ್ನೂ ಎತ್ತರವನ್ನೂ ಪುನಃ ಒದಗಿಸಬೇಕು. ಹಿಮ್ಮಡಿಯ ಮೇಲಿರುವ ದಪ್ಪ ಸ್ನಾಯುರಜ್ಜು ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗಿ ಸ್ವಲ್ಪ ಶಕ್ತಿಯನ್ನು ಹಿಂತಿರುಗಿಸುತ್ತದೆ. ಉಳಿದುದೆಲ್ಲ ಶಾಖವಾಗಿ ಹೋಗುತ್ತದೆ. ಈ ಶಾಖದ ವಿಷಯಕ್ಕೆ ಮುಂದೆ ಬರೋಣ.

ಈ ವ್ಯಯವನ್ನು ಅಳೆಯಲಾಗಿದೆ. ಇಟಲಿಯ ಶರೀರಶಾಸ್ತ್ರಜ್ಞ ರೊಡಾಲ್ಫೊ ಮಾರ್ಗರಿಯಾ ಮತ್ತು ಅವರ ಸಂಗಡಿಗರು 1963ರಲ್ಲಿ ಪ್ರಕಟಿಸಿದ ಅಳತೆಗಳಿಂದ ತಿಳಿದುಬಂದುದೇನೆಂದರೆ, ಸಮನೆಲದಲ್ಲಿ ಓಡುವವನು ತನ್ನ ತೂಕದ ಪ್ರತಿ ಕಿಲೊಗ್ರಾಮಿಗೆ ಪ್ರತಿ ಕಿಲೊಮೀಟರಿಗೆ ಸುಮಾರು ಒಂದು ಕಿಲೊಕ್ಯಾಲೊರಿ ವ್ಯಯಮಾಡುತ್ತಾನೆ. ಸೋಜಿಗದ ಸಂಗತಿಯೆಂದರೆ, ಈ ಸಂಖ್ಯೆಯು ವೇಗವನ್ನು ಬಹುಮಟ್ಟಿಗೆ ಅವಲಂಬಿಸಿಲ್ಲ. ಮೆಲ್ಲನೆ ಓಡಿದರೂ ಬಿರುಸಾಗಿ ಓಡಿದರೂ ಒಂದು ಕಿಲೊಮೀಟರಿನ ಬೆಲೆ ಒಂದೇ. 60 ಕಿಲೊಗ್ರಾಂ ತೂಕದ ತರುಣನಿಗೆ ಕಿಲೊಮೀಟರಿಗೆ 60 ಕಿಲೊಕ್ಯಾಲೊರಿ. 5 ಕಿಲೊಮೀಟರಿಗೆ 300. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 340 ಕಿಲೊಕ್ಯಾಲೊರಿಗಳಿರುವುದರಿಂದ ನಮ್ಮ ಭಾಗದ ಒಂದೆರಡು ರೊಟ್ಟಿಗಳೇ ಈ ಖರ್ಚಿಗೆ ಸಾಕು. ಆನೆಗೊಂದಿಯ ಬಳಿಯ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಏರಿದವರು ಹೋಲಿಸಿ ನೋಡಬಹುದು. ಮೆಟ್ಟಿಲೊಂದಕ್ಕೆ 15 ಸೆಂಟಿಮೀಟರು ಎಂದಿಟ್ಟುಕೊಂಡರೆ ಎತ್ತರ ಸುಮಾರು 86 ಮೀಟರು. ನಮ್ಮ ತರುಣನು ಮಾಡಿದ ಕೆಲಸ 12 ಕಿಲೊಕ್ಯಾಲೊರಿ. ಸ್ನಾಯುಗಳು ತಾವು ಉರಿಸಿದ ಶಕ್ತಿಯ ಕಾಲುಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲುವಾದ್ದರಿಂದ ಆದ ವೆಚ್ಚ 48. ಬೆಟ್ಟವನ್ನು ಒಮ್ಮೆ ಏರುವುದೂ ಮೈದಾನದಲ್ಲಿ ಎರಡು ಸುತ್ತು ಓಡುವುದೂ ಸರಿಸಮ.

ಹಾಗಾದರೆ ಶಕ್ತಿಯ ಕೊರತೆಯಿಂದ ಹೊಸಬನು ನಿಲ್ಲುವುದಿಲ್ಲವೆಂಬುದು ಸ್ಪಷ್ಟ. ಒಂದು ರೊಟ್ಟಿಯಷ್ಟು ಶಕ್ತಿ ಯಾರ ಮೈಯಲ್ಲಿಲ್ಲ? ಅವನನ್ನು ನಿಲ್ಲಿಸುವುದು ಆ ಶಕ್ತಿಯನ್ನು ಒಂದು ನಿಮಿಷಕ್ಕೆ ಎಷ್ಟು ಬಿಡುಗಡೆಮಾಡಬಹುದೆಂಬ ಮಿತಿ. ಶಕ್ತಿಯನ್ನು ಬಿಡಿಸಲು ಆಮ್ಲಜನಕ ಬೇಕು. ಒಂದು ಲೀಟರು ಆಮ್ಲಜನಕಕ್ಕೆ ಸುಮಾರು 5 ಕಿಲೊಕ್ಯಾಲೊರಿ ದೊರೆಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ಏದುಸಿರು ಬಂದೊಡನೆ ನಾವು ಶ್ವಾಸಕೋಶಗಳನ್ನು ದೂರುತ್ತೇವೆ. ಆದರೆ ಆರೋಗ್ಯವಂತ ತರುಣನು ಓಡಿ ಬಳಲಿ ಬಿದ್ದಾಗಲೂ ಅವನ ಶ್ವಾಸಕೋಶಗಳಿಂದ ಹೊರಡುವ ರಕ್ತವು ಆಮ್ಲಜನಕದಿಂದ ಹೆಚ್ಚುಕಡಿಮೆ ತುಂಬಿಯೇ ಇರುತ್ತದೆ. ಏದುಸಿರಿಗೆ ಮುಖ್ಯ ಪ್ರೇರಣೆ ರಕ್ತದಲ್ಲಿ ಹೆಚ್ಚುವ ಇಂಗಾಲಾಮ್ಲ ಅನಿಲ. ಅಂಗಡಿಯಲ್ಲಿ ಸರಕು ಬೇಕಾದಷ್ಟಿದೆ. ಕೊರತೆ ಇರುವುದು ಬಂಡಿಗಳದು. ಆ ಬಂಡಿಗಳನ್ನು ಓಡಿಸುವುದು ಹೃದಯ. ಪಳಗದ ತರುಣನ ಹೃದಯವು ಪರಮಾವಧಿಯಲ್ಲಿ ನಿಮಿಷಕ್ಕೆ 200 ಸಲ ಬಡಿದು, ಬಡಿತಕ್ಕೆ 90 ಮಿಲಿಲೀಟರಿನಂತೆ 18 ಲೀಟರು ರಕ್ತವನ್ನು ದೂಡುತ್ತದೆ. ಲೀಟರು ರಕ್ತದಲ್ಲಿರುವ ಸುಮಾರು 200 ಮಿಲಿಲೀಟರು ಆಮ್ಲಜನಕದಲ್ಲಿ 140ನ್ನು ದೇಹವು ಹೀರಿಕೊಳ್ಳುತ್ತದೆ. 18ನ್ನು 140ರಿಂದ ಗುಣಿಸಿದರೆ ನಿಮಿಷಕ್ಕೆ ಎರಡೂವರೆ ಲೀಟರು. ಇದು ಅವನ ಆದಾಯ.

ಖರ್ಚನ್ನು ನೋಡೋಣ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಲು 400 ಮೀಟರಿನ ಒಂದು ಸುತ್ತಿಗೆ 97 ಸೆಕೆಂಡು ಸಿಗುತ್ತದೆ. ಸುತ್ತೊಂದಕ್ಕೆ 24 ಕಿಲೊಕ್ಯಾಲೊರಿ, ಅಂದರೆ 4.8 ಲೀಟರು ಆಮ್ಲಜನಕ ಬೇಕು. ಈ 97 ಸೆಕೆಂಡುಗಳಲ್ಲಿ ಬರುವ ಆದಾಯ ಸುಮಾರು 4 ಲೀಟರು. ಮಿಕ್ಕ 0.8 ಲೀಟರಿಗೆ ಸಮನಾದ ಶಕ್ತಿಯನ್ನು ಸ್ನಾಯುಗಳು ಆಮ್ಲಜನಕದ ನೆರವಿಲ್ಲದೆಯೇ ಒದಗಿಸುತ್ತವೆ. ಇದನ್ನು ‘ಆಮ್ಲಜನಕದ ಸಾಲ’ ಎಂದು ಕರೆದವರು ಇಂಗ್ಲೆಂಡಿನ ಎ. ವಿ. ಹಿಲ್. ಗಣಿತದಿಂದ ಶರೀರಶಾಸ್ತ್ರಕ್ಕೆ ಬಂದ ಇವರು ಸ್ವತಃ ಓಟಗಾರರು. 1922ರ ನೊಬೆಲ್ ಪಾರಿತೋಷಕವನ್ನು ಆಟೊ ಮೆಯರ್‌ಹಾಫ್ ಅವರೊಡನೆ ಹಂಚಿಕೊಂಡವರು. ಪಳಗದವನಿಗೆ ದೊರೆಯುವ ಒಟ್ಟು ಸಾಲ ಸುಮಾರು ಮೂರೂವರೆಯಿಂದ ನಾಲ್ಕು ಲೀಟರು. ಓಟದ ಆರಂಭದಲ್ಲಿ ಹೃದಯವು ಪೂರ್ಣವೇಗಕ್ಕೆ ಬರಲು ಒಂದೆರಡು ನಿಮಿಷ ಹಿಡಿಯುವುದರಿಂದ ಒಂದು ಲೀಟರು ಹೊರಟಾಗಲೇ ಖರ್ಚಾಗಿಹೋಗುತ್ತದೆ. ನಾಲ್ಕು ಸುತ್ತಿನ ಕೊರತೆ ಮೂರು ಲೀಟರು, ಆರಂಭದ್ದು ಒಂದು: ಒಟ್ಟು ನಾಲ್ಕು. ಸಮವೇಗದಿಂದ ಓಡಿದರೆ ನಮ್ಮ ತರುಣನು ಗುರಿಯ ಅಂಚನ್ನು ಮುಟ್ಟುತ್ತಾನೆ, ಇಲ್ಲವೆ ಕೂದಲೆಳೆಯಲ್ಲಿ ತಪ್ಪುತ್ತಾನೆ.

ಅವನೇ ಮೊದಲನೆಯ ಸುತ್ತನ್ನು 75 ಸೆಕೆಂಡುಗಳಲ್ಲಿ ಓಡಿದನೆನ್ನೋಣ. ಸುತ್ತಿನ ಬೆಲೆ ಬದಲಾಗದು, ಅದೇ 4.8 ಲೀಟರು. ಆದರೆ 75 ಸೆಕೆಂಡುಗಳಲ್ಲಿ ಬರುವ ಆದಾಯವಾದರೋ 3.1 ಲೀಟರು, ಆರಂಭದ ವಿಳಂಬವನ್ನು ಕಳೆದರೆ 2.1. ಮೊದಲ ಸುತ್ತಿನಲ್ಲಿಯೇ 2.7 ಲೀಟರು ಸಾಲ ತಲೆಯ ಮೇಲೇರಿತು. ಇನ್ನು ಮೂರು ಸುತ್ತುಗಳಿಗೆ ಉಳಿದುದು ಒಂದು ಲೀಟರು ಚಿಲ್ಲರೆ. ಎರಡನೆಯ ಸುತ್ತಿನಲ್ಲಿ ಕಾಲು ಸೀಸದಂತಾಗುವುದು ಈ ಕಾರಣದಿಂದ. ಇದೆಲ್ಲವೂ ಸ್ಥೂಲ ಗಣನೆ. ವ್ಯಕ್ತಿಯಿಂದ ವ್ಯಕ್ತಿಗೆ ಅಂಕಿಗಳು ವ್ಯತ್ಯಾಸಗೊಳ್ಳುತ್ತವೆ. ಆದರೆ ಲೆಕ್ಕದ ದಿಕ್ಕು ಬದಲಾಗುವುದಿಲ್ಲ. ‘ದಮ್ಮಿಲ್ಲ’ ಎಂದು ಮನೆಗೆ ಮರಳಿದವರಲ್ಲಿ ಅನೇಕರಿಗೆ ಇಲ್ಲದಿದ್ದುದು ಒಂದು ಗಡಿಯಾರವೆಂದು ನಮ್ಮ ಅಭಿಪ್ರಾಯ.

ಪ್ರಾಸಂಗಿಕವಾಗಿ ಒಂದು ಮಾತು. ಲ್ಯಾಕ್ಟಿಕ್ ಆಮ್ಲವು ಸ್ನಾಯುಗಳಲ್ಲಿ ತುಂಬಿ ದಣಿವನ್ನೂ ಮರುದಿನದ ಕಾಲುನೋವನ್ನೂ ತರುತ್ತದೆಂದು ಹಳೆಯ ಪುಸ್ತಕಗಳು ಬರೆದಿದ್ದುವು. ಈಗಿನ ತಿಳಿವಳಿಕೆ ಬೇರೆ. ಲ್ಯಾಕ್ಟೇಟು ಒಂದು ಇಂಧನವೇ ಆಗಿದ್ದು, ಹೃದಯವೂ ಇತರ ಸ್ನಾಯುಗಳೂ ಅದನ್ನು ಉರಿಸಿಕೊಳ್ಳುತ್ತವೆ. ಮರುದಿನದ ನೋವು ಸ್ನಾಯುವಿನ ಎಳೆಗಳಲ್ಲಾದ ಸೂಕ್ಷ್ಮ ಹರಿತಗಳದು.

ಸಾಲದ ಮಿತಿಯನ್ನು ಹೆಚ್ಚು ಹಿಗ್ಗಿಸಲಾಗದು. ಆದಾಯವನ್ನು ಹಿಗ್ಗಿಸಬಹುದು, ದಮ್ಮು ಬೆಳೆಯುವುದೆಂದರೆ ಇದೇ. ಕ್ರಮವಾಗಿ ಓಡುವವನ ಹೃದಯದ ಕೋಣೆ ಕ್ರಮೇಣ ದೊಡ್ಡದಾಗಿ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ಹೊರಡುತ್ತದೆ. ರಕ್ತದ ಒಟ್ಟು ಪ್ರಮಾಣವೇ ಹೆಚ್ಚುತ್ತದೆ. ಸ್ನಾಯುವಿನೊಳಗೆ ಹೊಸ ಲೋಮನಾಳಗಳು ಕವಲೊಡೆಯುತ್ತವೆ. ಜೀವಕೋಶಗಳ ಒಲೆಗಳೆನ್ನಬಹುದಾದ ಮೈಟೊಕಾಂಡ್ರಿಯಗಳು ವೃದ್ಧಿಯಾಗುತ್ತವೆ. ಅಮೆರಿಕದ ಜಾನ್ ಹಾಲೊಸ್ಜಿ ಅವರು ಇಲಿಗಳನ್ನು ಚಲಿಸುವ ಪಟ್ಟಿಯ ಮೇಲೆ ವಾರಗಟ್ಟಲೆ ಓಡಿಸಿ, ಅವುಗಳ ಸ್ನಾಯುಗಳಲ್ಲಿ ಆಮ್ಲಜನಕವನ್ನು ಬಳಸುವ ಸಾಮರ್ಥ್ಯ ಸುಮಾರು ಎರಡು ಪಟ್ಟಾದುದನ್ನು 1967ರಲ್ಲಿ ತೋರಿಸಿದರು. ಮನುಷ್ಯನಲ್ಲಿ ಕೆಲವು ತಿಂಗಳ ಅಭ್ಯಾಸದಿಂದ ಒಟ್ಟು ಆದಾಯವು ಶೇಕಡ 15–20ರಷ್ಟು ಏರುವುದು ಸಾಮಾನ್ಯ. ಎರಡೂವರೆ ಲೀಟರು ಮೂರಾದರೆ, ಮೇಲಿನ ಲೆಕ್ಕದಲ್ಲಿ ಸುತ್ತೊಂದರ ಆದಾಯವೂ ಖರ್ಚೂ ಸರಿಹೋಗಿ, ಆರಂಭದ ಒಂದು ಲೀಟರು ಮಾತ್ರ ಸಾಲವಾಗಿ ಉಳಿಯುತ್ತದೆ.

ವಿಶೇಷವೆಂದರೆ ಈ ಬೆಳವಣಿಗೆಗಳೆಲ್ಲ ಮೆಲ್ಲನೆಯ ಓಟದಿಂದಲೇ ಆಗುತ್ತವೆ. ಮಧ್ಯಮ ಶ್ರಮದಲ್ಲಿಯೇ ಹೃದಯವು ಬಡಿತವೊಂದಕ್ಕೆ ತನ್ನಿಂದಾದಷ್ಟು ರಕ್ತವನ್ನು ತುಂಬಿಕೊಳ್ಳತೊಡಗುತ್ತದೆ; ಸ್ನಾಯುವಿಗೆ ಬೇಕಾದುದು ದೀರ್ಘಕಾಲದ ಬೇಡಿಕೆ. ಗಂಟೆಗೆ 8 ಕಿಲೊಮೀಟರು ವೇಗದಲ್ಲಿ ನಮ್ಮ ತರುಣನ ಖರ್ಚು ನಿಮಿಷಕ್ಕೆ 1.6 ಲೀಟರು ಮಾತ್ರ. ಸಾಲದ ಸೋಂಕಿಲ್ಲದೆ ಅವನು ಅರ್ಧ ಗಂಟೆ ಓಡಬಲ್ಲನು. ಇದನ್ನು ಜಗತ್ತಿಗೆ ಎತ್ತಿ ತೋರಿಸಿದವರು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್. ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಇವರು ತಮ್ಮ ಮೇಲೆಯೇ ಪ್ರಯೋಗಮಾಡಿ, ದೀರ್ಘವಾದ ನಿರಾಯಾಸದ ಓಟವೇ ಅಡಿಪಾಯವೆಂದು ಕಂಡುಕೊಂಡರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಇವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲಿಯೂ ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲಿಯೂ ಒಂದೇ ದಿನ ಚಿನ್ನದ ಪದಕ ಗೆದ್ದರು. ಎರಡು ನಿಮಿಷಕ್ಕಿಂತ ಕಡಿಮೆ ಅವಧಿಯ 800 ಮೀಟರಿಗೂ ವಾರಕ್ಕೆ ನೂರು ಮೈಲಿಯ ಓಟವೇ ಬುನಾದಿಯಾದುದು ಅಂದಿನವರಿಗೆ ವಿಚಿತ್ರವಾಗಿ ತೋರಿತು.

ನಮಗೆ ನೂರು ಮೈಲಿ ಬೇಡ. ಹೊಸಬನು ವಾರಕ್ಕೆ ನಾಲ್ಕು ದಿನ, ದಿನ ಬಿಟ್ಟು ದಿನ ಎಂಬಂತೆ, ಹೀಗೆ ತೊಡಗಬಹುದು. ಹತ್ತು ನಿಮಿಷ ಬಿರುನಡಿಗೆ; ಬಳಿಕ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ; ಹೀಗೆ ಎಂಟು ಹತ್ತು ಸಲ. ಮೂರನೆಯ ವಾರಕ್ಕೆ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಎಂಟನೆಯ ವಾರದ ಹೊತ್ತಿಗೆ ಇಪ್ಪತ್ತು ನಿಮಿಷ ನಿಲ್ಲದೆ ಓಡುವುದೂ, ಹನ್ನೆರಡನೆಯ ವಾರಕ್ಕೆ 5 ಕಿಲೊಮೀಟರು ಮುಗಿಸುವುದೂ ಬಹುತೇಕ ಆರೋಗ್ಯವಂತರಿಗೆ ಸಾಧ್ಯ. ಒಂದು ವಾರದ ಪಾಠ ಕಷ್ಟವೆನಿಸಿದರೆ ಅದನ್ನೇ ಮರಳಿ ಮಾಡತಕ್ಕದ್ದು. ಇದರಲ್ಲಿ ನಾಚಿಕೆಯೇನೂ ಇಲ್ಲ. ವೇಗವನ್ನು ಅಳೆಯಲು ಯಂತ್ರ ಬೇಕಿಲ್ಲ. ಪಕ್ಕದಲ್ಲಿ ಓಡುವ ಗೆಳೆಯನೊಡನೆ ಪೂರ್ಣವಾಕ್ಯದಲ್ಲಿ ಮಾತನಾಡಲು ಆದರೆ ವೇಗ ಸರಿಯಾಗಿದೆ; ಒಂದೊಂದೇ ಪದ ಹೊರಬರುತ್ತಿದ್ದರೆ ಸಾಲ ಆರಂಭವಾಗಿದೆ. ಆದರೆ ಓಡುವಾಗ ಎದೆನೋವು, ತಲೆಸುತ್ತು ಕಾಣಿಸಿಕೊಳ್ಳುವವರು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ಹೃದಯದಿಂದ ತೀರಿಕೊಂಡವರಿರುವವರು ಮೊದಲು ವೈದ್ಯರನ್ನು ಕಾಣಬೇಕು.

ದಿನ ಬಿಟ್ಟು ದಿನ ಎಂದುದಕ್ಕೆ ಕಾರಣವುಂಟು. ಓಡುವಾಗ ಪಾದವು ನೆಲವನ್ನು ದೇಹದ ತೂಕದ ಎರಡು ಎರಡೂವರೆ ಪಟ್ಟು ಬಲದಿಂದ ಒತ್ತುತ್ತದೆ. ಕಿಲೊಮೀಟರಿಗೆ ಸಾವಿರಕ್ಕೂ ಮಿಕ್ಕು ಸಲ. ಹೃದಯ ಮತ್ತು ರಕ್ತ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಮೂಳೆಗೂ ಸ್ನಾಯುರಜ್ಜುವಿಗೂ ತಿಂಗಳುಗಳು ಬೇಕು. ಹೊಸ ಭಾರ ಬಿದ್ದ ಮೂಳೆಯು ತನ್ನನ್ನು ಬಲಪಡಿಸಿಕೊಳ್ಳುವ ಮುನ್ನ ಹಳೆಯ ಭಾಗವನ್ನು ಕರಗಿಸುತ್ತದೆ, ಮನೆ ಕಟ್ಟುವವನು ಹಳೆಯ ಗೋಡೆಯನ್ನು ಕೆಡವುವಂತೆ. ಆ ನಡುವಿನ ವಾರಗಳಲ್ಲಿ ಅದು ದುರ್ಬಲ. ಪ್ರಷ್ಯಾದ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲಿಯೇ ಕವಾಯತಿನ ಸೈನಿಕರ ಪಾದಗಳಲ್ಲಿ ಈ ಬಗೆಯ ತೊಂದರೆಯನ್ನು ವರ್ಣಿಸಿದ್ದರು. ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ನೋವು ಬಂದು, ಓಡಿದಷ್ಟೂ ಹೆಚ್ಚುತ್ತಿದ್ದರೆ ಓಟವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ನೆಲದ ವಿಷಯದಲ್ಲಿ ನಾವು ಭಾಗ್ಯವಂತರು. ಕುಷ್ಟಗಿಯ ಕಡೆಯ ಮಸಾರಿ ದಾರಿಗಳು ಗಟ್ಟಿಯೂ ಹೌದು, ತುಸು ಮೆತುವೂ ಹೌದು. ಯಲಬುರ್ಗಾದ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಪಾದ ಹೊರಳಿಸುತ್ತದೆ, ಮಳೆಯಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಅಲ್ಲಿ ಮೈದಾನವೇ ಲೇಸು. ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದ ಮಣ್ಣುದಾರಿಗಳಿವೆ. ಕೊಪ್ಪಳ ಮತ್ತು ಕುಷ್ಟಗಿಗಳನ್ನು ಹಾದುಹೋಗುವ ಹೆದ್ದಾರಿಗಳಲ್ಲಿ ಕತ್ತಲಲ್ಲಿ ಓಡುವುದು ಮಾತ್ರ ಅಪಾಯಕರ. ಅನಿವಾರ್ಯವಾದರೆ ಎದುರಿನಿಂದ ಬರುವ ವಾಹನಗಳು ಕಾಣುವಂತೆ ಬಲಬದಿಯಲ್ಲಿ, ತಿಳಿಬಣ್ಣದ ಉಡುಪಿನಲ್ಲಿ ಓಡಬೇಕು. ಬೂಟುಗಳಿಲ್ಲವೆಂದು ಕೊರಗಬೇಕಾಗಿಲ್ಲ. 1960ರ ರೋಮ್ ಮ್ಯಾರಥಾನನ್ನು ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಿನಲ್ಲಿ ಗೆದ್ದರು. ಅದಕ್ಕೂ ನಲವತ್ತು ವರ್ಷ ಮುಂಚೆ, 1920ರ ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಬೆಳಗಾವಿ ಸೀಮೆಯ ಫಡೆಪ್ಪ ಚೌಗುಲೆ 19ನೆಯವರಾಗಿ ಬಂದರು. ಅಂದಿನ ದಾರಿ 42.75 ಕಿಲೊಮೀಟರು, ಒಲಿಂಪಿಕ್ಸಿನ ಇತಿಹಾಸದಲ್ಲಿಯೇ ಅತಿ ದೀರ್ಘ. ಬರಿಗಾಲಿಗೆ ಪಳಗಿದವರು ಬರಿಗಾಲಿನಲ್ಲಿಯೂ, ಬೂಟಿಗೆ ಪಳಗಿದವರು ಬೂಟಿನಲ್ಲಿಯೂ ಓಡಲಿ. ಕೆಡಕು ಇರುವುದು ದಿಢೀರ್ ಬದಲಾವಣೆಯಲ್ಲಿ.

ಇನ್ನು ಶಾಖ. 5 ಕಿಲೊಮೀಟರು ಓಡಿದವನು ವ್ಯಯಿಸಿದ 300 ಕಿಲೊಕ್ಯಾಲೊರಿಗಳಲ್ಲಿ ಕಡಮೆಯೆಂದರೂ 240 ಮೈಯೊಳಗೆ ಶಾಖವಾಗುತ್ತದೆ. ದೇಹದ ವಿಶಿಷ್ಟೋಷ್ಣ ಸುಮಾರು 0.83, 60 ಕಿಲೊಗ್ರಾಂ ದೇಹವನ್ನು ಒಂದು ಡಿಗ್ರಿ ಸೆಂಟಿಗ್ರೇಡ್ ಬಿಸಿಮಾಡಲು 50 ಕಿಲೊಕ್ಯಾಲೊರಿ ಸಾಕು. ಈ ಶಾಖವು ಹೊರಹೋಗದೆ ಉಳಿದರೆ ಮೈಯ ಉಷ್ಣತೆ 37ರಿಂದ ಸುಮಾರು 42 ಡಿಗ್ರಿಗೆ ಏರಬೇಕು. 40 ಡಿಗ್ರಿ ದಾಟಿದರೆ ಮಿದುಳಿಗೆ ಅಪಾಯ. ನಮ್ಮನ್ನು ಕಾಯುವುದು ಬೆವರು: ಒಂದು ಲೀಟರು ಆವಿಯಾದರೆ 580 ಕಿಲೊಕ್ಯಾಲೊರಿಗಳನ್ನು ಒಯ್ಯುತ್ತದೆ. ಆವಿಯಾದರೆ ಎಂಬ ಮಾತನ್ನು ವಾಚಕರು ಗಮನಿಸಬೇಕು. ತೊಟ್ಟಿಕ್ಕಿದ ಬೆವರು ಏನನ್ನೂ ತಂಪುಗೊಳಿಸುವುದಿಲ್ಲ. ಗದ್ದೆ ಕಾಲುವೆಗಳ ನಡುವಿನ ತೇವದ ಗಾಳಿಯಲ್ಲಿ ಬೆವರು ಬೇಗ ಆರದು. ಬಯಲುಸೀಮೆಯ ಏಪ್ರಿಲ್ ಮೇ ತಿಂಗಳ ಹಗಲಿನಲ್ಲಿ ಬೆವರು ಆರಿದರೂ, ಚರ್ಮಕ್ಕಿಂತ ಬಿಸಿಯಾದ ಗಾಳಿ ತಾನೇ ಮೈಗೆ ಶಾಖ ನೀಡುತ್ತದೆ. ತೂಕ ಇಳಿಸಲೆಂದು ಪ್ಲಾಸ್ಟಿಕ್ ಅಂಗಿ ತೊಟ್ಟು ಓಡುವವರು ಈ ಒಂದೇ ಬಾಗಿಲನ್ನೂ ಮುಚ್ಚಿಕೊಳ್ಳುತ್ತಾರೆ.

ಇದು ಬರಿಯ ಕಾಗದದ ಲೆಕ್ಕವಲ್ಲ. 2024ರ ಆಗಸ್ಟ್ ತಿಂಗಳಿನಲ್ಲಿ ಝಾರ್ಖಂಡಿನಲ್ಲಿ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಗಾಗಿ 10 ಕಿಲೊಮೀಟರು ಓಟದ ಪರೀಕ್ಷೆ ನಡೆದಾಗ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಪ್ರಾಣ ಕಳೆದುಕೊಂಡರು. ಓಡುವವನು ತಡವರಿಸಿದರೆ, ಅಸಂಬದ್ಧವಾಗಿ ಮಾತನಾಡಿದರೆ, ಕುಸಿದರೆ, ಕ್ಷಣವೂ ತಡಮಾಡದೆ ನೆರಳಿಗೆ ಒಯ್ದು ಮೈತುಂಬ ತಣ್ಣೀರು ಸುರಿದು ಗಾಳಿ ಬೀಸಬೇಕು. ತಣ್ಣೀರಿನ ತೊಟ್ಟಿ ಹತ್ತಿರವಿದ್ದರೆ ತಲೆಯನ್ನು ಮೇಲೆ ಹಿಡಿದು ಕುತ್ತಿಗೆಯವರೆಗೆ ಮುಳುಗಿಸಬಹುದು. ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆ ಜೊತೆಜೊತೆಯಲ್ಲಿ ನಡೆಯಲಿ, ಆದರೆ ತಂಪು ಮಾಡುವುದನ್ನು ಅದಕ್ಕಾಗಿ ಮುಂದೂಡಬಾರದು. ಸೆಖೆಗೆ ದೇಹ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಕಡಿಮೆ ಕಳೆಯುತ್ತದೆ. ಸಂಜೆಗಿಂತ ಮುಂಜಾವು ಮೇಲು, ಏಕೆಂದರೆ ಹಗಲೆಲ್ಲ ಕಾದ ಬಂಡೆಯೂ ನೆಲವೂ ಸಂಜೆ ಶಾಖವನ್ನು ಹೊರಸೂಸುತ್ತಿರುತ್ತವೆ. ಓಡಿ ಬಂದ ಮೇಲೆ ಉಪ್ಪು ಬೆರೆಸಿದ ಮಜ್ಜಿಗೆಗಿಂತ ಉತ್ತಮವಾದ ಪಾನೀಯವನ್ನು ನಾವು ಕಾಣೆವು.

ವಿದ್ಯಾರ್ಥಿನಿಯರಿಗೆ ಇನ್ನೊಂದು ಲೆಕ್ಕವನ್ನು ಹೇಳಬೇಕು. ಆಮ್ಲಜನಕದ ಬಂಡಿ ಎಂದೆವಷ್ಟೆ. ಆ ಬಂಡಿ ರಕ್ತದ ಹಿಮೊಗ್ಲೋಬಿನ್. ಅದರ ಒಂದು ಗ್ರಾಂ 1.34 ಮಿಲಿಲೀಟರು ಆಮ್ಲಜನಕವನ್ನು ಹೊರುತ್ತದೆ. ನೂರು ಮಿಲಿಲೀಟರು ರಕ್ತದಲ್ಲಿ ಸ್ತ್ರೀಯರಿಗೆ ಕನಿಷ್ಠ 12 ಗ್ರಾಂ ಇರಬೇಕು. 9 ಗ್ರಾಂ ಇರುವವಳ ಪ್ರತಿ ಬಡಿತವೂ ಮುಕ್ಕಾಲು ಹೊರೆಯನ್ನಷ್ಟೇ ಒಯ್ಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಭಾರತದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆಯಿದೆಯೆಂದು ಕಂಡುಹಿಡಿಯಿತು. ಎರಡು ತಿಂಗಳು ಕ್ರಮವಾಗಿ ಓಡಿಯೂ ಮುಂದುವರಿಯದ ಹುಡುಗಿಯನ್ನು ಸೋಮಾರಿಯೆಂದು ಜರೆಯುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸುವುದು ಹಿರಿಯರ ಕರ್ತವ್ಯ. ಕಬ್ಬಿಣದ ಅಂಶದ ಮಾತ್ರೆಗಳು ಕೆಲವು ವಾರಗಳಲ್ಲಿ ಕೊಡುವ ಫಲವನ್ನು ಬೈಗುಳ ಕೊಡಲಾರದು.

ವೇಗದ ಅಭ್ಯಾಸವನ್ನು 5 ಕಿಲೊಮೀಟರು ಸಲೀಸಾದ ಮೇಲೆ ಕೈಗೊಳ್ಳಬೇಕು, ಅದೂ ವಾರಕ್ಕೊಮ್ಮೆ. ಗುರಿಯ ವೇಗದಲ್ಲಿ, ಅಂದರೆ 97 ಸೆಕೆಂಡಿಗೆ ಒಂದರಂತೆ ನಾಲ್ಕು ಸುತ್ತು. ಪ್ರತಿ ಸುತ್ತಿನ ನಡುವೆ ಎರಡು ಮೂರು ನಿಮಿಷ ನಡಿಗೆ. ವಾರಗಳು ಕಳೆದಂತೆ ನಡಿಗೆಯ ಅವಧಿಯನ್ನು ಕಿರಿದುಗೊಳಿಸುತ್ತ ಬಂದರೆ ಕೊನೆಗೆ ನಾಲ್ಕು ಸುತ್ತುಗಳೂ ಕೂಡಿಕೊಳ್ಳುತ್ತವೆ. ಹೀಗೆ ತುಂಡುತುಂಡಾಗಿ ಓಡುವ ಪದ್ಧತಿಯನ್ನು ಅದರ ತುತ್ತತುದಿಗೆ ಒಯ್ದವರು ಜೆಕೊಸ್ಲೊವಾಕಿಯದ ಎಮಿಲ್ ಜಾಟೊಪೆಕ್. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 5000 ಮೀಟರು, 10000 ಮೀಟರು, ಮ್ಯಾರಥಾನ್ ಮೂರನ್ನೂ ಗೆದ್ದವರು. ಅಭ್ಯಾಸದಲ್ಲಿ ಗೆಳೆಯನೊಬ್ಬನು ಗಡಿಯಾರ ಹಿಡಿದು ನಿಂತು ಪ್ರತಿ ಸುತ್ತಿನ ಸಮಯವನ್ನು ಕೂಗಿ ಹೇಳಲಿ. 97 ಸೆಕೆಂಡಿನ ನಡೆ ಕಾಲಿಗೆ ರೂಢಿಯಾದರೆ, ನೇಮಕಾತಿಯ ದಿನ ನೂರಾರು ಜನರ ನೂಕುನುಗ್ಗಲಿನಲ್ಲಿಯೂ ಕಾಲು ಅದನ್ನು ಮರೆಯುವುದಿಲ್ಲ.

ನೇಮಕಾತಿಯ ದಿನಾಂಕಗಳು ಮುಂದಕ್ಕೆ ಹೋಗುವುದುಂಟು. ಆಗ ಓಟವನ್ನು ಪೂರ್ತಿ ಬಿಟ್ಟುಬಿಡುವುದು ದುಬಾರಿ. ಹೆಚ್ಚಿದ್ದ ರಕ್ತದ ಪ್ರಮಾಣವು ಎರಡು ವಾರಗಳಲ್ಲಿಯೇ ಇಳಿಯತೊಡಗುತ್ತದೆ. ಮೈಟೊಕಾಂಡ್ರಿಯಗಳ ಗಳಿಕೆಯ ಬಹುಪಾಲು ಒಂದೆರಡು ತಿಂಗಳಲ್ಲಿ ಕರಗುತ್ತದೆ. ಆದರೆ ಗಳಿಸಲು ಬೇಕಾದಷ್ಟು ಶ್ರಮ ಉಳಿಸಿಕೊಳ್ಳಲು ಬೇಡ. ವೇಗವನ್ನು ತಗ್ಗಿಸದೆ ವಾರಕ್ಕೆ ಎರಡು ದಿನ ಓಡಿದವರಲ್ಲಿಯೂ ಆಮ್ಲಜನಕದ ಆದಾಯವು ಕೆಲವು ತಿಂಗಳುಗಳವರೆಗೆ ಹೆಚ್ಚುಕಡಿಮೆ ಇದ್ದಂತೆಯೇ ಉಳಿಯುತ್ತದೆಂದು ಪ್ರಯೋಗಗಳು ತೋರಿಸಿವೆ. ಸುಗ್ಗಿಯ ದಿನಗಳಲ್ಲಿ ಹೊಲದ ಕೆಲಸಕ್ಕೆ ಹೋಗುವ ಹುಡುಗರು ಅಷ್ಟನ್ನು ಉಳಿಸಿಕೊಂಡರೆ ಸಾಕು.